ಆಮೆ ತಗಡು ಕೆರೆದ ಚಳಿಗಾಲ

ಹೋದ ಡಿಸೆಂಬರಿನಲ್ಲಿ ನೆಂಟರ ಮನೆಯ ಮದುವೆಗೆ ಹೊರಟಿದ್ದೆವು. ಬಸ್ಸು ಯಸಳೂರಿನಲ್ಲಿ ಐದು ನಿಮಿಷ ನಿಂತಿತು. ಕಿಟಕಿಯಿಂದ ಕಾಫಿ ಹಣ್ಣಿನ ಸಿಪ್ಪೆ ಕೊಳೆಯುವ ವಾಸನೆ ಒಳಕ್ಕೆ ಬಂತು. ಹುಳಿಯೂ ಹೌದು, ಸಿಹಿಯೂ ಹೌದು, ತುಸು ಹೆಂಡದಂತೆಯೂ ಹೌದು. ಕುಯ್ಲಿನ ತಿಂಗಳುಗಳಲ್ಲಿ ಆ ಕಡೆಯ ಗಾಳಿಯೇ ಹಾಗೆ. ಅಲ್ಲಿನವರು ಅದನ್ನು ಗಮನಿಸುವುದೂ ಇಲ್ಲ. ನನಗೆ ಮಾತ್ರ ಸೀಟಿನಲ್ಲಿ ಕೂರಲಾಗಲಿಲ್ಲ. ಎದ್ದೆ, ಬಾಗಿಲವರೆಗೆ ಹೋದೆ, ಮತ್ತೆ ಬಂದು ಕೂತೆ. "ಏನಾಯ್ತು ನಿಮಗೆ?" ಅಂದಳು ಹೆಂಡತಿ. ಏನಿಲ್ಲ ಅಂದೆ. ಇಪ್ಪತ್ತೈದು ವರ್ಷದ ಹಿಂದೆ ಇದೇ ವಾಸನೆಯಲ್ಲಿ ಕಳೆದ ಒಂದು ಚಳಿಗಾಲವನ್ನು ಐದು ನಿಮಿಷದಲ್ಲಿ ಹೇಳುವುದು ಹೇಗೆ?

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಪಶುವೈದ್ಯನಾಗಿ ನನಗೆ ಮೊದಲ ಕೆಲಸ ಸಿಕ್ಕಿದ್ದು ಯಸಳೂರಿನಿಂದ ಸ್ವಲ್ಪ ಒಳಗಿರುವ ಒಂದು ಹಳ್ಳಿಯ ದನದ ಆಸ್ಪತ್ರೆಯಲ್ಲಿ. ನಾನು ಚಳ್ಳಕೆರೆ ಕಡೆಯ ಬಯಲಿನವನು. ನಿಂತಲ್ಲಿಂದ ನಾಲ್ಕು ದಿಕ್ಕಿಗೂ ಆಕಾಶ ನೆಲಕ್ಕೆ ತಾಗುವುದನ್ನು ನೋಡಿ ಬೆಳೆದವನಿಗೆ, ಎತ್ತ ತಿರುಗಿದರೂ ಗುಡ್ಡ ಎದುರಾಗುವ ಆ ಊರು ಉಸಿರು ಕಟ್ಟಿಸುತ್ತಿತ್ತು. ಸೇರಿದ ಎರಡನೇ ವಾರದಲ್ಲೇ ವರ್ಗಾವಣೆಗೆ ಅರ್ಜಿ ಹಾಕಿದೆ. ಹನ್ನೊಂದು ಗಂಟೆಯ ಬಸ್ಸಿನಲ್ಲಿ ಟಪಾಲು ಬರುತ್ತಿತ್ತು. ಹತ್ತೂವರೆಯಿಂದಲೇ ನಾನು ಆಸ್ಪತ್ರೆಯ ಜಗಲಿಯ ಈ ತುದಿಯಿಂದ ಆ ತುದಿಗೆ ತಿರುಗುತ್ತಿದ್ದೆ. ಆದೇಶ ಬರುತ್ತಿರಲಿಲ್ಲ. ಊಟ ಮಾಡಿ ಮತ್ತೆ ತಿರುಗುತ್ತಿದ್ದೆ. ಒಂದು ಪುಸ್ತಕ ಹಿಡಿದು ಕೂತರೆ ಎರಡು ಪುಟ ದಾಟುತ್ತಿರಲಿಲ್ಲ.

ಅಂಥ ಒಂದು ಬೆಳಿಗ್ಗೆ, ನವೆಂಬರ್ ಕೊನೆಯಲ್ಲಿ, ಮೂವತ್ತೈದರ ಆಸುಪಾಸಿನ ಹೆಂಗಸೊಬ್ಬರು ಬಂದು ಬಾಗಿಲಲ್ಲಿ ನಿಂತರು. ಶಾರದಮ್ಮ ಅಂತ, ಆಸ್ಪತ್ರೆಯಿಂದ ನಾಲ್ಕು ಮನೆ ಆಚೆ ಹೊಲಿಗೆ ಮಿಷನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದವರು.

"ಸಾರ್, ಆಮೆಗೆ ಔಷಧಿ ಕೊಡ್ತೀರಾ?"

"ಏನಾಗಿದೆ?"

"ಕಣ್ಣು ಕೆಂಪಾಗೈತೆ. ಒಂದು ಕಡೆ ನಿಲ್ಲಲ್ಲ. ಬೆಳಗಿಂದ ಸಂಜೆ ತಂಕ ತಗಡು ಕೆರೀತೈತೆ. ನಮ್ಮನೆಯೋರಿಗೆ ಹುಚ್ಚು ಹಿಡಿಯೋದೊಂದು ಬಾಕಿ."

ಐದು ವರ್ಷದ ಓದಿನಲ್ಲಿ ಆಮೆಗೆ ಅರ್ಧ ಪುಟವೂ ಇರಲಿಲ್ಲ. ಆದರೆ ಕಣ್ಣು ಕೆಂಪಾಗುವುದು ದನಕ್ಕಾದರೇನು, ಆಮೆಗಾದರೇನು? ಚೀಲ ಹಿಡಿದು ಹೊರಟೆ.

ಅವರ ಹಿತ್ತಿಲು ಚಿಕ್ಕದು. ಒಂದು ಕಡೆ ಮನೆ, ಎರಡು ಕಡೆ ಹಳೆಯ ತಗಡು, ಇನ್ನೊಂದು ಕಡೆ ತಂತಿ ಬಲೆ. ಅದರೊಳಗೆ ಒಂದೂವರೆ ಗೇಣು ಉದ್ದದ, ಒಣಗಿದ ಎಲೆಯ ಬಣ್ಣದ ಆಮೆ ಬಲೆಗುಂಟ ನಡೆಯುತ್ತಿತ್ತು. ಮೂಲೆ ಮುಟ್ಟಿ, ಮುಂಗಾಲೆತ್ತಿ ತಗಡು ಕೆರೆದು, ತಿರುಗಿ, ಮತ್ತೆ ಇನ್ನೊಂದು ಮೂಲೆಗೆ. ಆಮೆ ನಿಧಾನದ ಪ್ರಾಣಿ ಅನ್ನುವವರು ಆ ಓಡಾಟ ನೋಡಬೇಕಿತ್ತು. ನಡೆದೂ ನಡೆದೂ ಬಲೆಯ ಬುಡದಲ್ಲಿ ಒಂದು ಗಾಡಿ ಜಾಡೇ ಬಿದ್ದಿತ್ತು. ಕಣ್ಣಿನ ಸುತ್ತ, ಮೂಗಿನ ಹೊಳ್ಳೆಯ ಸುತ್ತ ಕುಂಕುಮ ಕದಡಿದ ನೀರು ಬಳಿದಂತೆ ಬಣ್ಣ. ಮೂತಿಯ ತುದಿ ತಗಡಿಗೆ ಉಜ್ಜಿ ಸಿಪ್ಪೆ ಎದ್ದಿತ್ತು.

ಹಿತ್ತಿಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಶಾರದಮ್ಮನ ಗಂಡ ರಾಜೇಗೌಡರು ಕೂತಿದ್ದರು. ನಲವತ್ತೈದರ ದಪ್ಪ ಮೀಸೆಯ ಆಳು. ಎಡಗಾಲು ನೆಟ್ಟಗೆ ಮುಂದೆ ಚಾಚಿತ್ತು. ಮೊಣಕಾಲಿನಿಂದ ಕೆಳಕ್ಕೆ ಕಬ್ಬಿಣದ ಪಟ್ಟಿ, ಪಾದಕ್ಕೆ ಕರಿಯ ಬೂಟು. ಅವರು ವನಗೂರಿನ ಕಡೆಯ ಒಂದು ಎಸ್ಟೇಟಿನಲ್ಲಿ ಜೀಪ್ ಡ್ರೈವರ್ ಆಗಿದ್ದವರು. ಜೂನ್ ತಿಂಗಳಲ್ಲಿ ಜೀಪು ಮಗುಚಿ ಕಾಲು ಹೋಯಿತೆಂದೂ, ಆಮೇಲೆ ಎಸ್ಟೇಟಿನ ಮನೆ ಬಿಟ್ಟು ಇಲ್ಲಿಗೆ ಬಂದರೆಂದೂ ದಾರಿಯಲ್ಲೇ ಶಾರದಮ್ಮ ಹೇಳಿದ್ದರು.

ನಾನು ಬಲೆ ದಾಟುವಷ್ಟರಲ್ಲಿ ಆಮೆ ಸೀದಾ ಅವರ ಕಡೆ ಬಂತು. ತಲೆ ಒಳಗೆಳೆದುಕೊಂಡು ಚಿಪ್ಪಿನಿಂದ ಆ ಬೂಟಿಗೆ ಗುದ್ದಿತು. ಟಕ್. ಹಿಂದೆ ಸರಿದು ಮತ್ತೆ ಟಕ್.

"ನೋಡಿದ್ರಾ?" ಅಂದರು ರಾಜೇಗೌಡರು. "ಹನ್ನೊಂದು ವರ್ಷ ಸಾಕಿದ್ದೀನಿ ಕಣ್ರೀ ಈ ಗುಂಡನ್ನ. ರಸ್ತೇಲಿ ಚಕ್ರದಡಿ ಸಿಕ್ಕೋದಿತ್ತು, ಇಳಿದು ಎತ್ಕಂಡು ಬಂದೆ. ಈಗ ಹುಡುಕ್ಕೊಂಡು ಬಂದು ಈ ಕಾಲಿಗೇ ಗುದ್ದುತೈತೆ. ಅದಕ್ಕೂ ಗೊತ್ತಾಗ್ಬುಟ್ಟೈತೆ."

"ಏನು ಗೊತ್ತಾಗಿದೆ?"

ಅವರು ಬಗ್ಗಿ ಆಮೆಯನ್ನು ಆ ಕಡೆ ತಿರುಗಿಸಿಟ್ಟರು.

ನಾನು ಕಣ್ಣುಬೇನೆ ಎಂದು ತೀರ್ಮಾನಿಸಿದೆ. ದಿನಕ್ಕೆರಡು ಸಲ ಕಣ್ಣಿಗೆ ಮುಲಾಮು. ಕಾಡಿನ ಪ್ರಾಣಿಯನ್ನು ಮನೆಯಲ್ಲಿ ಸಾಕುವುದು ಕಾನೂನಿಗೆ ವಿರುದ್ಧ ಎಂಬುದು ನನಗೆ ಗೊತ್ತಿತ್ತು. ಅದನ್ನು ಹೇಳಬೇಕಾದವನೂ ನಾನೇ. ಹೇಳಲಿಲ್ಲ. ಮೊದಲ ಸಲ ಒಂದು ಪ್ರಾಣಿ ನನಗೆ ಸವಾಲು ಹಾಕಿತ್ತು, ಅದನ್ನು ಗೆಲ್ಲುವ ಹುರುಪು ನನಗೆ.

ವಾರ ಕಳೆಯಿತು. ಬಣ್ಣ ಇಳಿಯುವ ಬದಲು ಏರಿತು. ಬಸಳೆ ಸೊಪ್ಪು ಹಾಕಿದರು, ದಾಸವಾಳದ ಹೂ ಹಾಕಿದರು, ಕಳಿತ ಬಾಳೆಹಣ್ಣು ಹಾಕಿದರು. ಮೂಸಿಯೂ ನೋಡದೆ ತುಳಿದುಕೊಂಡು ಹೋಯಿತು. ಮೂತಿಯ ಗಾಯ ದೊಡ್ಡದಾಯಿತು. ಗಾಯವಾದರೂ ಮಾಯಲಿ ಎಂದು ಒಂದು ಮರದ ಪೆಟ್ಟಿಗೆ ತರಿಸಿ ಅದರೊಳಗೆ ಇಡಿಸಿದೆ. ಆ ಚಳಿಗಾಲದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅದು. ಪೆಟ್ಟಿಗೆಯೊಳಗೆ ಅದು ಒಂದು ಗಳಿಗೆ ಸುಮ್ಮನಿರಲಿಲ್ಲ. ಮೂರನೇ ದಿನ ಹೋಗಿ ನೋಡಿದರೆ ಮೂತಿಯಿಂದ ರಕ್ತ.

ರಾಜೇಗೌಡರು ಕುರ್ಚಿಯಿಂದ ಅರ್ಧ ಎದ್ದು ಕೂಗಿದರು. "ನಿಮ್ಮ ಔಷಧಿಗೆ ಮುಂಚೆ ಬರೀ ಓಡಾಡ್ತಿತ್ತು. ಈಗ ಸಾಯಕ್ಕೆ ಹೊರಟೈತೆ! ತಗಂಡೋಗ್ರಿ. ನನ್ನ ಕಣ್ಣೆದುರು ಬೇಡ, ನಿಮ್ಮ ಆಸ್ಪತ್ರೇಲೇ ಇಟ್ಕಳಿ. ಇಲ್ಲಿ ಕೂತು ಅದನ್ನ ಕೇಳಕ್ಕೆ ನನ್ ಕೈಲಿ ಆಗಲ್ಲ."

ಶಾರದಮ್ಮ ಹೊಲಿಗೆ ನಿಲ್ಲಿಸಿ ತಲೆ ತಗ್ಗಿಸಿ ಕೂತಿದ್ದರು. ನಾನು ಪೆಟ್ಟಿಗೆ ಹೊತ್ತುಕೊಂಡು ಹಿಂದಿರುಗಿದೆ.

ಆಸ್ಪತ್ರೆಯ ಹಿಂದೆ, ನನ್ನ ಕೋಣೆಯ ಕಿಟಕಿಯ ಕೆಳಗೇ ಪೆಟ್ಟಿಗೆ ಇಟ್ಟೆ. ಈಗ ಆ ಸದ್ದು ನನ್ನ ಪಾಲಿಗೆ ಬಂತು. ಕರ್ ಕರ್, ಡುಬ್. ಕರ್ ಕರ್, ಡುಬ್. ಜಗಲಿಯ ಮೇಲೆ ನಾನು ತಿರುಗುವುದು, ಒಳಗೆ ಅದು ತಿರುಗುವುದು. ಗೆಳೆಯನೊಬ್ಬನಿಗೆ ಕಾಗದ ಬರೆಯಲು ಕೂತು, ನಾಲ್ಕು ಸಾಲಿಗೆ ಎದ್ದುಬಿಟ್ಟೆ. ಕಾಲೇಜಿನ ಹಳೆಯ ನೋಟ್ಸು ತೆಗೆದು ತಡಕಾಡಿದೆ. ಹೊಟ್ಟೆಹುಳ ಇರಬಹುದೇ? ಚಳಿಯೇ? ಮೈಯಲ್ಲಿ ಎಲ್ಲಾದರೂ ನೋವೇ? ಒಂದೂ ಹೊಂದಲಿಲ್ಲ. ದನವಾದರೆ ಕಣ್ಣಿನಲ್ಲಿ ಏನಾದರೂ ಹೇಳುತ್ತದೆ. ಇದು ಒಂದೇ ಸಮನೆ ಪೂರ್ವದ ಹಲಗೆಗೆ ಗುದ್ದುತ್ತಿತ್ತು, ಪೆಟ್ಟಿಗೆಯನ್ನು ತಿರುಗಿಸಿಟ್ಟರೂ ಹುಡುಕಿಕೊಂಡು ಮತ್ತೆ ಪೂರ್ವಕ್ಕೇ.

ಸಂತೆಯ ದಿನ ಮೇಕೆಗೆ ಜಂತುಹುಳದ ಔಷಧಿ ಕೇಳಿಕೊಂಡು ಒಬ್ಬ ಹೆಂಗಸು ಬಂದಳು. ಐವತ್ತು ದಾಟಿದ, ಒಣಕಲು ಮೈಯ, ಬಾಯಿ ತುಂಬ ಎಲೆಯಡಿಕೆಯ ಕೆಂಚಮ್ಮ. ಎಸ್ಟೇಟ್ ಲೈನಿನಲ್ಲಿ, ಅಂದರೆ ಆಳುಗಳ ಸಾಲುಮನೆಯಲ್ಲಿ ಇರುವವಳು. ಔಷಧಿ ಕಟ್ಟಿ ಕೊಟ್ಟಾಗ ಬಲಗೈಯಲ್ಲಿ ತೆಗೆದುಕೊಂಡಳು; ಎಡಗೈ ಪಕ್ಕೆಗಂಟಿದಂತೆ ಇತ್ತು.

"ಅದೇನ್ರೀ ಡಾಕ್ಟ್ರೇ, ಹಿಂದುಗಡೆ ಸದ್ದು?"

"ಒಂದು ಆಮೆ. ಕಣ್ಣುಬೇನೆ."

ಅವಳು ಕೇಳದೆಯೇ ಹಿಂದಕ್ಕೆ ಹೋದಳು. ಪೆಟ್ಟಿಗೆಗೆ ಬಗ್ಗಿ ನೋಡಿದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದಳು.

"ಅಯ್ಯೋ, ಇದು ಕಣ್ಬೇನೆ ಅಲ್ಲ ಕಣ್ರೀ! ಇದಕ್ಕೆ ಹೆಣ್ಣು ಬೇಕಾಗೈತೆ."

ನನ್ನ ಮುಖ ಬಿಸಿಯಾಯಿತು. ಮದುವೆಯಾಗದ ಇಪ್ಪತ್ತಾರರ ಹುಡುಗ ನಾನು, ಮೇಲಾಗಿ ಡಾಕ್ಟರು.

"ನಗಬ್ಯಾಡಿ ಅಂದ್ರೂ ನಗು ಬತ್ತೈತೆ, ಏನು ಮಾಡಲಿ? ಹಣ್ಣು ಕುಯ್ಯೋ ಕಾಲ ಬಂತಂದ್ರೆ ಕಾಡಾಮೆ ಗಂಡುಗಳ ಮೋರೆ ಹಿಂಗೇ ಕೆಂಪಾಗದು. ಒಂದಕ್ಕೊಂದು ಚಿಪ್ಪು ತಗಂಡು ಗುದ್ದಾಡ್ತವೆ, ಕಾಡಿನೊಳಗೆ ಕಲ್ಲು ಕುಟ್ಟಿದಂಗೆ ಕೇಳ್ತೈತೆ. ಸೌದೆಗೆ ಹೋದಾಗ ಎಷ್ಟು ಸಲ ನೋಡಿಲ್ಲ ನಾನು." ಇನ್ನಷ್ಟು ಬಗ್ಗಿದಳು. ಚಿಪ್ಪಿನ ಹಿಂಬದಿಯಲ್ಲಿ ಒಂದು ಮೂಲೆ ಮುರಿದಿತ್ತು, ಅಲ್ಲಿ ಬೆರಳಿಟ್ಟಳು. ನಗು ನಿಂತಿತು. "ಇದು ಗುಂಡ ಅಲ್ವಾ? ಡ್ರೈವರಣ್ಣನ ಗುಂಡ?"

ಹೌದು ಅಂದೆ. ಒಮ್ಮೆಗೇ ಹೊಳೆದು ಕೇಳಿದೆ, "ಎಸ್ಟೇಟಿನಲ್ಲಿದ್ದಾಗ ಚಳಿಗಾಲದಲ್ಲಿ ಹೀಗೆ ಮಾಡುತ್ತಿತ್ತಾ?"

"ಎಲ್ಲಿತ್ತು ಮಾಡಕ್ಕೆ? ಹಣ್ಣು ಕುಯ್ಯಕ್ಕೆ ಶುರು ಮಾಡಿದ್ವಿ ಅಂದ್ರೆ ಲೈನಿನ ಹಿಂದ್ಲ ಕಾಡಿಗೆ ಹೋಗ್ಬುಡದು. ಕಾಫಿ ಹೂ ಬಿಡ್ಸೋ ಹೂಮಳೆ ಹೊತ್ತಿಗೆ ವಾಪಸ್ ಬರದು. ಚಳಿಗೆ ಎಲ್ಲೋ ಬಿದ್ಕಂಡಿರ್ತೈತೆ ಅಂತಿದ್ರು ಡ್ರೈವರಣ್ಣ."

ಅಷ್ಟೇ ಆಗಿತ್ತು. ನಾನು ಒಂದು ತಿಂಗಳು ಮುಲಾಮು ಹಚ್ಚಿದ್ದು ಕಾಯಿಲೆಗಲ್ಲ. ಬೇರೆ ವರ್ಷ ಅದು ತನ್ನ ಪಾಡಿಗೆ ಹೋಗಿ ಬರುತ್ತಿತ್ತು. ಈ ವರ್ಷ ಮಾತ್ರ ತಗಡು ಅಡ್ಡ ಇತ್ತು. ಆ ಕರಿಯ ಬೂಟು ಅದರ ಕಣ್ಣಿಗೆ ಇನ್ನೊಂದು ಗಂಡಾಮೆಯಂತೆ ಕಂಡಿರಬೇಕು.

ಎಸ್ಟೇಟಿನ ಜೀಪು ಸಂತೆ ಮುಗಿಸಿ ಹೊರಡುವುದರಲ್ಲಿತ್ತು. "ನೀವೇ ತೆಗೆದುಕೊಂಡು ಹೋಗಿ ಅಲ್ಲಿ ಬಿಟ್ಟುಬಿಡಿ ಕೆಂಚಮ್ಮ" ಅಂದೆ. ಅವಳು ಬೇಡವೆಂದು ತಲೆಯಾಡಿಸಿದಳು.

"ನಾನು ಒಯ್ಯಲ್ಲ. ಅವರೇ ತಂದು ಬಿಡಲಿ. ಏಳು ತಿಂಗಳಾಯ್ತು, ಆ ಮನುಷ್ಯ ಲೈನ್ ಕಡೆ ಮುಖ ಹಾಕಿಲ್ಲ."

ಉಳಿದದ್ದನ್ನು ಆ ಸಂಜೆ ಶಾರದಮ್ಮ ಹೇಳಿದರು. ಜೂನ್‌ನಲ್ಲಿ ಮಗುಚಿದ ಜೀಪಿನಲ್ಲಿ ಆರು ಜನ ಹೆಂಗಸರಿದ್ದರು. ಯಾರೂ ಸಾಯಲಿಲ್ಲ. ಆದರೆ ಕೆಂಚಮ್ಮನ ಎಡ ಭುಜ ಮುರಿಯಿತು, ಸರಿಯಾಗಿ ಕೂಡಲಿಲ್ಲ. ತಿರುವಿನಲ್ಲಿ ವೇಗ ಇತ್ತು ಎಂದು ರಾಜೇಗೌಡರಿಗೆ ಗೊತ್ತಿತ್ತು. ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಎಸ್ಟೇಟಿನ ಸಾಹುಕಾರರು ಬೇಡವೆಂದರೂ ಕೇಳದೆ, ಊರುಗೋಲು ಹಿಡಿದು ನಡೆಯಲು ಬಂದ ದಿನವೇ ರಾಜೇಗೌಡರು ಮನೆ ಖಾಲಿ ಮಾಡಿಸಿದರು.

ಮರುದಿನ ಬೆಳಿಗ್ಗೆ ಆಮೆಯನ್ನು ಪೆಟ್ಟಿಗೆಯಿಂದ ತೆಗೆದು ಮತ್ತೆ ಅವರ ಹಿತ್ತಿಲಿಗೆ ತಂದೆ. ಈ ಸಲ ಔಷಧಿ ಚೀಲ ತರಲಿಲ್ಲ. ತಂತಿ ಬಲೆಗೆ ಗೋಣಿತಾಟು ಕಟ್ಟಿದೆ. ಆಚೆಯದು ಕಾಣುವುದರಿಂದಲೇ ಅದು ಅಲ್ಲಿ ನುಗ್ಗುತ್ತಿದೆ ಎಂದು ಇಷ್ಟು ದಿನ ನನಗೆ ಹೊಳೆದಿರಲಿಲ್ಲ. ಶಾರದಮ್ಮನ ಸೌದೆ ರಾಶಿ ಸರಿಸಿ ಜಾಗ ದೊಡ್ಡದು ಮಾಡಿದೆ. ಒಂದು ಮೂಲೆಗೆ ಎರಡು ಮಂಕರಿ ತರಗೆಲೆ ಸುರಿದು, ನೆಲ ಮಟ್ಟಕ್ಕೆ ಒಂದು ಅಗಲ ತಟ್ಟೆ ಹುಗಿದು ನೀರು ತುಂಬಿದೆ. ಮೂತಿಯ ಗಾಯ ತೊಳೆದೆ. ಸಂಜೆ ಹೊತ್ತಿಗೆ ಅದು ತರಗೆಲೆಯೊಳಗೆ ನುಗ್ಗಿ ಒಂದು ಗಂಟೆ ಸುಮ್ಮನಿತ್ತು. ಆಮೇಲೆ ಎದ್ದು ಮತ್ತೆ ನಡೆಯತೊಡಗಿತು. ಆದರೆ ಗುದ್ದುವುದು ಕಡಿಮೆಯಾಗಿತ್ತು.

ರಾಜೇಗೌಡರು ಎಲ್ಲವನ್ನೂ ನೋಡುತ್ತ ಕೂತಿದ್ದರು. ಕೆಂಚಮ್ಮ ಹೇಳಿದ್ದನ್ನು ಅವರಿಗೆ ಹೇಳಿದೆ. ಬೂಟಿನ ವಿಷಯವನ್ನೂ ಹೇಳಿದೆ.

"ಇನ್ನೊಂದು ಗಂಡು ಅಂದ್ಕಂಡೈತಾ ನನ್ನ ಕಾಲನ್ನ?" ಅವರು ಬೂಟನ್ನೇ ನೋಡಿದರು. "ನಾನೇನೋ ಅಂದ್ಕಂಡಿದ್ದೆ."

"ಇನ್ನೂ ಒಂದು ತಿಂಗಳು, ಒಂದೂವರೆ ತಿಂಗಳು. ತಾನಾಗೇ ಇಳಿಯುತ್ತದೆ. ಕಾಯಬಹುದು."

"ಮುಂದಿನ ವರ್ಷ?"

"ಮತ್ತೆ ಶುರುವಾಗುತ್ತದೆ."

"ಪ್ರತಿ ವರ್ಷ?"

"ಹೌದು."

"ಬೇರೆ ಕಡೆ ಎಲ್ಲಾದ್ರೂ ಬಿಟ್ರೆ? ಇಲ್ಲೇ ಬಿಸಿಲೆ ಕಾಡಿನ ಕಡೆ?"

"ಅದಕ್ಕೆ ಗೊತ್ತಿರೋದು ಆ ಕಾಡು. ಹನ್ನೊಂದು ವರ್ಷ ಹೋಗಿ ಬಂದ ದಾರಿ."

ಅವರು ಮುಖ ತಿರುಗಿಸಿದರು. "ನಾನು ಅಲ್ಲಿಗೆ ಬರಲ್ಲ ಡಾಕ್ಟ್ರೇ. ಆ ಮಾತು ಬಿಟ್ಬುಡಿ."

ಬಿಟ್ಟೆ. ಮರುದಿನ ಹನ್ನೊಂದು ಗಂಟೆಯ ಬಸ್ಸಿನಲ್ಲಿ ನನ್ನ ವರ್ಗಾವಣೆಯ ಆದೇಶ ಬಂತು. ಅಷ್ಟು ಕಾದದ್ದು, ಕೈಗೆ ಬಂದಾಗ ಎರಡು ಸಲ ಓದಿ ಮೇಜಿನ ಡ್ರಾಯರಿನಲ್ಲಿಟ್ಟೆ. ಸಂತೋಷವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಆ ದಿನವೂ ಕೂತಲ್ಲಿ ಕೂರಲಾಗಲಿಲ್ಲ. ಆಮೆಯನ್ನು ಹಾಗೇ ಬಿಟ್ಟು ಹೋದರೆ ಫೆಬ್ರವರಿಯಲ್ಲಿ ಅದು ಸುಮ್ಮನಾಗುತ್ತದೆ, ನನ್ನ ಔಷಧಿಯೇ ಕೆಲಸ ಮಾಡಿತೆಂದು ಊರು ನಂಬುತ್ತದೆ. ಆ ಯೋಚನೆ ಮನಸ್ಸಿಗೆ ಒಗ್ಗಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಶಾರದಮ್ಮ ಓಡಿ ಬಂದರು. "ಸಾರ್, ಬನ್ನಿ. ಗಡ್ಡ ಮಾಡ್ಕಂಡು, ಶರಟು ಹಾಕ್ಕಂಡು ಕೂತವ್ರೆ. ಜೀಪಿಗೆ ಹೇಳಿ ಕಳಿಸವ್ರೆ. ನನಗೆ ಒಂದು ಮಾತೂ ಹೇಳ್ತಿಲ್ಲ."

ಹೋದಾಗ ರಾಜೇಗೌಡರು ಬೀದಿ ಬಾಗಿಲಲ್ಲಿ ಊರುಗೋಲು ಊರಿ ನಿಂತಿದ್ದರು. ಪಕ್ಕದಲ್ಲಿ ತರಗೆಲೆ ತುಂಬಿದ ಮಂಕರಿ, ಅದರಲ್ಲಿ ಗುಂಡ.

"ನಾಲ್ಕು ದಿವ್ಸ ಅದರ ಮುಂದೇ ಕೂತು ನೋಡಿದೆ ಡಾಕ್ಟ್ರೇ. ಅದಕ್ಕೆ ದಾರಿ ಗೊತ್ತೈತೆ, ಕಾಲೂ ಗಟ್ಟಿ ಅವೆ. ಅಡ್ಡ ತಗಡು ಹಾಕಿರೋನು ನಾನು. ನಡೀರಿ."

ಬಾಡಿಗೆ ಜೀಪಿನ ಹುಡುಗನ ಪಕ್ಕ ಅವರು ಕೂತರು, ಹಿಂದೆ ಮಂಕರಿ ಹಿಡಿದು ನಾನು. ಅಪಘಾತದ ನಂತರ ಅವರು ಜೀಪು ಹತ್ತಿದ್ದು ಅದೇ ಮೊದಲು. ವನಗೂರಿನ ಏರು ಶುರುವಾದದ್ದೇ ಅವರ ಬಲಗೈ ಮುಂದಿನ ಕಂಬಿಯನ್ನು ಹಿಡಿಯಿತು. ಎರಡೂ ಕಡೆ ತೋಟ, ಗಿಡದ ತುಂಬ ಕೆಂಪು ಹಣ್ಣು, ಒಳಗೆಲ್ಲೋ ಆಳುಗಳ ಮಾತು. ಒಂದು ಎಡ ತಿರುವು ಬರುವ ಮೊದಲೇ ಅವರು ಹೇಳಿದರು:

"ಸೆಕೆಂಡಿಗೆ ಹಾಕು, ಮಾರಾಯ."

"ಥರ್ಡಲ್ಲೇ ಹೋಗ್ತೈತಣ್ಣ."

"ಸೆಕೆಂಡಿಗೆ ಹಾಕು ಅಂದೆ!"

ಹುಡುಗ ಹಾಕಿದ. ತಿರುವಿನಾಚೆ ತೋಟದೊಳಕ್ಕೆ ಇಳಿಜಾರು, ನೆರಳಿಗೆ ಬೆಳೆಸಿದ ಒಂದು ಸಿಲ್ವರ್ ಓಕ್ ಮರದ ತೊಗಟೆ ಉದ್ದಕ್ಕೆ ಕಿತ್ತುಹೋಗಿತ್ತು. ಅವರು ಆ ಕಡೆ ತಿರುಗಿ ನೋಡಿದರು, ಕಣ್ಣಿನಿಂದ ಮರೆಯಾಗುವವರೆಗೆ ನೋಡಿದರು. ಹಣೆಯ ಮೇಲೆ ಬೆವರಿತ್ತು, ಆ ಚಳಿಯಲ್ಲಿ.

ಲೈನಿನ ಹಿಂದೆ ಕೊನೆಯ ಕಾಫಿ ಸಾಲು ಮುಗಿದು ಕಾಡು ಶುರುವಾಗುವ ಕಡೆ ಮಂಕರಿ ಇಳಿಸಿದೆವು. ಗುಂಡನನ್ನು ಅವರೇ ಬಗ್ಗಿ ಎತ್ತಿ ನೆಲಕ್ಕಿಟ್ಟರು. ಅದು ತಲೆಯನ್ನು ಒಳಗೆಳೆದುಕೊಂಡು ಕಲ್ಲಿನಂತೆ ಕೂತುಬಿಟ್ಟಿತು. ಐದು ನಿಮಿಷ, ಹತ್ತು ನಿಮಿಷ.

"ಎರಡು ತಿಂಗಳು ನನ್ನ ತಗಡು ಕಿತ್ತೆ. ಈಗೇನೋ ನಿನಗೆ ಧಾಡಿ?" ಅಂದರು ರಾಜೇಗೌಡರು.

ತಲೆ ಹೊರಗೆ ಬಂತು. ಕೆಂಪು ಕಣ್ಣಿನಿಂದ ಅತ್ತಿತ್ತ ನೋಡಿತು. ಒಂದು ಹೆಜ್ಜೆ, ಇನ್ನೊಂದು. ಬಿದ್ದ ಮರವೊಂದರ ಪಕ್ಕದಲ್ಲಿ ಹಾದು, ಜರೀಗಿಡಗಳ ಕೆಳಗೆ ನುಗ್ಗಿತು. ಎಲೆಯ ಸದ್ದು ಸ್ವಲ್ಪ ಹೊತ್ತು ಕೇಳಿಸಿ ನಿಂತಿತು. ಅದು ಎಲ್ಲೂ ತಿರುಗಿ ಸುತ್ತಲಿಲ್ಲ, ಹಿಂದಕ್ಕೆ ಬರಲಿಲ್ಲ. ಮಾರ್ಚಿನಲ್ಲಿ ಮೊದಲ ಹೂಮಳೆ ಬಿದ್ದ ಮೇಲೆ ಲೈನಿನ ಹಿಂದೆ ಮತ್ತೆ ಕಾಣಿಸಿತು, ಮುಖದ ಬಣ್ಣ ಇಳಿದಿತ್ತು ಎಂದು ಶಾರದಮ್ಮ ನನಗೆ ಹೊಸ ಊರಿಗೆ ಕಾಗದ ಬರೆದರು. ಅದನ್ನು ಮನೆಗೆ ತರಲಿಲ್ಲವಂತೆ. ವಾರಕ್ಕೊಮ್ಮೆ ರಾಜೇಗೌಡರೇ ನೋಡಲು ಹೋಗುತ್ತಿದ್ದರಂತೆ.

ಅದು ಆಮೇಲಿನ ಮಾತು. ಆ ದಿನ ನಾವು ಜೀಪಿನ ಕಡೆ ತಿರುಗಿದಾಗ ಕೆಂಚಮ್ಮ ಎದುರಿಗಿದ್ದಳು. ಸೊಂಟಕ್ಕೆ ಚೀಲ ಕಟ್ಟಿಕೊಂಡು ಕೊನೆಯ ಸಾಲಿನಲ್ಲಿ ಒಬ್ಬಳೇ ಹಣ್ಣು ಕುಯ್ಯುತ್ತಿದ್ದಳು. ನಮ್ಮನ್ನು ಆಗಲೇ ನೋಡಿರಬೇಕು, ಆದರೆ ಕರೆದಿರಲಿಲ್ಲ.

ರಾಜೇಗೌಡರು ನಿಂತರು. ಹಿಂದಕ್ಕೂ ಹೋಗಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಊರುಗೋಲಿನ ತುದಿಯಿಂದ ಮಣ್ಣು ಕೆದಕಿದರು. ಕೊನೆಗೆ ತಲೆಯೆತ್ತದೆ ಕೇಳಿದರು:

"ಕೈ ಹೆಂಗೈತೆ ಕೆಂಚಮ್ಮ?"

"ಮೇಲಕ್ಕೆ ಏಳಲ್ಲ ಡ್ರೈವರಣ್ಣ. ಕೆಳಗಿನ ರೆಕ್ಕೆ, ಕೈಗೆಟುಕೋ ಕೊಂಬೆದು ಕುಯ್ತೀನಿ. ಮೇಲಿಂದು ಬ್ಯಾರೆಯೋರು ಕುಯ್ಕಂಡು ಹೋಗ್ತಾರೆ." ದೂರಿನ ದನಿಯಲ್ಲ, ಸುಮ್ಮನೆ ಇದ್ದದ್ದನ್ನು ಹೇಳಿದಳು.

"ಅವತ್ತು ನಾನು ಜೋರಾಗಿ ಹೊಡೆದೆ. ತಿರುವಲ್ಲಿ."

"ಗೊತ್ತು. ನಾನೂ ಅದ್ರಲ್ಲೇ ಇದ್ನಲ್ಲ."

ಅವಳು ಹಣ್ಣು ಕುಯ್ಯುವುದನ್ನು ನಿಲ್ಲಿಸಲಿಲ್ಲ.

ರಾಜೇಗೌಡರು ಊರುಗೋಲನ್ನು ಗಿಡಕ್ಕೆ ಒರಗಿಸಿದರು. ಒಳ್ಳೆಯ ಕಾಲಿನ ಮೇಲೆ ಭಾರ ಬಿಟ್ಟು, ಎರಡೂ ಕೈ ಮೇಲೆತ್ತಿ, ಹಣ್ಣು ತುಂಬಿದ ತುದಿಯ ರೆಕ್ಕೆಯೊಂದನ್ನು ಹಿಡಿದು ಮೆಲ್ಲಗೆ ಬಗ್ಗಿಸಿದರು. ಅದು ಕೆಂಚಮ್ಮನ ಎದೆಯ ಮಟ್ಟಕ್ಕೆ ಬಂತು. ಅವಳು ಒಮ್ಮೆ ಅವರ ಮುಖ ನೋಡಿದಳು. ಆಮೇಲೆ ಬಲಗೈಯಿಂದ ಹಣ್ಣನ್ನು ಚೀಲಕ್ಕೆ ಇಳಿಸತೊಡಗಿದಳು.

ಜೀಪಿನ ಹುಡುಗ ಹಾರ್ನ್ ಹೊಡೆದ. "ಹೊತ್ತಾಯ್ತು, ಹೊರಡೋಣ್ವಾ ರಾಜೇಗೌಡ್ರೇ?" ಎಂದು ನಾನೂ ಕೇಳಿದೆ.

"ತಡೀರಿ ಡಾಕ್ಟ್ರೇ," ಅಂದರು, ರೆಕ್ಕೆ ಬಿಡದೆ. "ಈ ಸಾಲು ಮುಗೀಲಿ."